ಖಡಕವಾಡಿಯ ಇಟಲಿ ಖುರ್ಚಿ

ಭಾಲಚಂದ್ರರಾಯರ ಮನೆಯ ಪಡಸಾಲೆಯಲ್ಲಿ ಆರು ಕುರ್ಚಿಗಳಿದ್ದವು. ಬಂದವರು ಚಾಪೆಯ ಮೇಲೆ ಕೂಡುತ್ತಿದ್ದರು.

ಹಾಗಂತ ಅವು ಮುರಿದ ಕುರ್ಚಿಗಳಲ್ಲ. ಕನಿಷ್ಠ ರಾಯರ ಲೆಕ್ಕದಲ್ಲಿ ಅಲ್ಲ. ದೊಡ್ಡ ಯುದ್ಧ ಮುಗಿದು ಜನ ಸ್ವಲ್ಪ ನೆಮ್ಮದಿಯಿಂದ ಕೂಡಲು ಶುರು ಮಾಡಿದ ಕಾಲದಲ್ಲಿ ಇಟಲಿ ದೇಶದ ಹೆಸರುವಾಸಿ ವಿನ್ಯಾಸಕಾರರು ತಲೆ ಓಡಿಸಿ ಮಾಡಿದ ಕುರ್ಚಿಗಳು ಅವು. ಒಂದಕ್ಕೆ ಬೆನ್ನೇ ಇರಲಿಲ್ಲ. ಒಂದು ಅಂಗಾತ ಬಿದ್ದ ಆಮೆಯಂತೆ ಇತ್ತು. ಇನ್ನೊಂದು ಎಷ್ಟು ಸಣಕಲು ಎಂದರೆ ಅದನ್ನು ನೋಡಿದಾಗಲೆಲ್ಲ ಊಟಕ್ಕೆ ಕರೆಯಬೇಕು ಅನ್ನಿಸುತ್ತದೆ ಎಂದು ರಾಯರ ಹೆಂಡತಿ ಅಲಕಾ ಹೇಳುತ್ತಿದ್ದರು. ಆಕೆ ತಮಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅಡಿಗೆಮನೆಯಲ್ಲಿ ಇಟ್ಟುಕೊಂಡಿದ್ದರು. ಮನೆಯಲ್ಲಿ ಕೂಡಲು ಬರುವ ಕುರ್ಚಿ ಅದೊಂದೇ.

ರಾಯರು ಬೀದರಿನ ಒಂದು ಖಾಸಗಿ ಕಾಲೇಜಿನಲ್ಲಿ ಗ್ರಂಥಪಾಲರು. ಯಾರೋ ದಾನ ಕೊಟ್ಟ ಹಳೆಯ ವಿದೇಶಿ ಪತ್ರಿಕೆಗಳ ಗಂಟು ಬಿಚ್ಚುವಾಗ ಇಟಲಿ ಕುರ್ಚಿಗಳ ಚಿತ್ರ ಕಣ್ಣಿಗೆ ಬಿದ್ದು ಈ ಹುಚ್ಚು ಹಿಡಿಯಿತು. ರಜೆ ಬಂದರೆ ಹೈದರಾಬಾದಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಮಂಡಿಯೂರಿ ಕುರ್ಚಿಗಳ ಹೊಟ್ಟೆಯ ಕೆಳಗೆ ಟಾರ್ಚು ಬಿಡುವುದು ರೂಢಿಯಾಯಿತು. ಆಮೇಲೆ ಮೊಬೈಲಿನಲ್ಲಿ ಇಂಥದೇ ಹುಚ್ಚಿನವರ ಗುಂಪೊಂದನ್ನು ಸೇರಿದರು. ಅಲ್ಲಿ ಪುಣೆಯವರೊಬ್ಬರು ಒಂದು ದಿನ ಇವರನ್ನು ‘ಬೀದರಿನ ಹಿರಿಯ ಕಲೆಕ್ಟರ್ ಭಾಲಚಂದ್ರಜಿ’ ಎಂದು ಬರೆದರು. ಕಲೆಕ್ಟರ್ ಎಂದರೆ ಅಲ್ಲಿ ಸಂಗ್ರಹಕಾರ ಎಂದಷ್ಟೇ ಅರ್ಥ. ರಾಯರು ಆ ಸಾಲನ್ನು ಊಟಕ್ಕೆ ಮೊದಲು ಒಮ್ಮೆ ಓದಿದರು, ಊಟವಾದ ಮೇಲೆ ಒಮ್ಮೆ ಓದಿದರು. ಮರುದಿನ ಬೋರ್ಡು ಬರೆಯುವವನನ್ನು ಕರೆಸಿದರು.

‘ಭಾಲಚಂದ್ರರಾವ್, ಇಟಾಲಿಯನ್ ವಿಂಟೇಜ್ ಚೇರ್ ಕಲೆಕ್ಟರ್’ ಎಂದು ಬರೆಯಬೇಕಾಗಿತ್ತು. ಪೇಂಟರ್ ಗೇಟಿನ ಫಲಕಕ್ಕೆ ಗೇಣು ಹಾಕಿ ನೋಡಿದ.

“ಇಷ್ಟೆಲ್ಲಾ ಹಿಡಿಯಂಗಿಲ್ರಿ ಸರ್. ಮಂದಿಗಿ ತಿಳೀವಷ್ಟು ಬರೀತೇನಿ.”

ಬರೆದು ಹೋದ. ‘ಭಾಲಚಂದ್ರರಾವ್, ಕಲೆಕ್ಟರ್.’

ಸರಕಾರಿ ಕಾಗದದಲ್ಲಿ ಜಿಲ್ಲಾಧಿಕಾರಿ ಎಂದಿರುವವರನ್ನು ಬೀದರ ಸೀಮೆಯ ಹಿರಿಯರು ಈಗಲೂ ಕಲೆಕ್ಟರ್ ಸಾಹೇಬರು ಎಂದೇ ಕರೆಯುತ್ತಾರೆ. ಮಹಾರಾಷ್ಟ್ರದ ಗಡಿ ಹತ್ತಿರವಾದಂತೆ ಈ ಹೆಸರು ಇನ್ನೂ ಗಟ್ಟಿಯಾಗುತ್ತದೆ. ಹೀಗೆ ಒಬ್ಬರೇ ಕಲೆಕ್ಟರ್ ಇರಬೇಕಾದ ಜಿಲ್ಲೆಯಲ್ಲಿ ಅಂದಿನಿಂದ ಇಬ್ಬರಾದರು. ಒಬ್ಬರಿಗೆ ಇನ್ನೊಬ್ಬರ ಸುದ್ದಿ ಗೊತ್ತಿರಲಿಲ್ಲ.

ಮೊದಲು ಬದಲಾದದ್ದು ಹಾಲು.

“ಹಾಲಿಗಿ ಇಷ್ಟು ದಪ್ಪ ಕೆನಿ ಬಂದದ್ದು ನಾ ಈ ಮನಿಗಿ ಬಂದಾಗಿಂದ ನೋಡಿಲ್ಲ” ಎಂದು ಅಲಕಾ ಪಾತ್ರೆ ಹಿಡಿದು ಗಾಬರಿಯಾಗಿ ನಿಂತರು. “ಹಾಲಿನವ ಚಪ್ಪಲ್ ಬಿಟ್ಟು ಒಳಗ ಬಂದು ಕೊಟ್ಟು ಹೋದ್ರಿ. ಏನಾಗ್ಯದ ಅವನಿಗಿ?”

ಎರಡನೆಯದಾಗಿ ಒಬ್ಬ ಮುದುಕ ಬಂದ. ತನ್ನ ಹೊಲದ ದಾರಿಗೆ ಪಕ್ಕದವನು ಮುಳ್ಳು ಹಾಕಿದ್ದಾನೆಂದು ಹೇಳಿಕೊಳ್ಳಲು ಬಂದವನು. ತಮ್ಮ ಸಂಗ್ರಹ ನೋಡಲು ಹಳ್ಳಿಯಿಂದಲೂ ಜನ ಬರತೊಡಗಿದರೆಂದು ರಾಯರು ಹಿಗ್ಗಿ, ಅವನು ಬಾಯಿ ತೆರೆಯುವ ಮೊದಲೇ ಕೈ ಹಿಡಿದು ಪಡಸಾಲೆಗೆ ಕರೆದೊಯ್ದು ಒಂದೊಂದೇ ಕುರ್ಚಿಯ ಚರಿತ್ರೆ ಹೇಳಿದರು. ಮುದುಕ ಬೆನ್ನಿಲ್ಲದ ಕುರ್ಚಿ ನೋಡಿದ, ಅಂಗಾತ ಬಿದ್ದ ಆಮೆಯನ್ನು ನೋಡಿದ, ರಾಯರ ಮುಖ ನೋಡಿದ.

“ಸಾಹೇಬ್ರ ಮನ್ಯಾಗೇ ಹಿಂಗದ ಅಂದ್ರ ನನ್ನ ದಾರಿ ಎಲ್ಲಿಂದ ಆಗಬೇಕು” ಎಂದು ಅಲಕಾ ಕೊಟ್ಟ ಚಹಾ ಕುಡಿದು ಎದ್ದು ಹೋದ.

“ನೋಡ್ರಿ, ಆ ಬೋರ್ಡು ಇಳಸ್ರಿ” ಎಂದರು ಅಲಕಾ.

“ಯಾಕ? ಅದರಾಗೇನು ಸುಳ್ಳದ? ನಾ ಕಲೆಕ್ಟ್ ಮಾಡ್ತೇನಿ, ಕಲೆಕ್ಟರ್ ಇದ್ದೇನಿ.”

“ಕಸ ಒಯ್ಯಾಂವನೂ ಕಲೆಕ್ಟ್ ಮಾಡ್ತಾನ. ಅವ ಬೋರ್ಡು ಹಾಕ್ಕೊಂಡಿಲ್ಲ.”

ಮಾತು ಇಲ್ಲಿಗೇ ನಿಂತಿದ್ದರೆ ಬೀದರಿನ ಒಂದು ಓಣಿ ಕೆಲವು ದಿನ ಒಳ್ಳೆಯ ಹಾಲು ಕುಡಿದು ಸುಮ್ಮನಾಗುತ್ತಿತ್ತು. ಆದರೆ ಚುನಾವಣೆ ಬಂತು, ಚುನಾವಣೆಯ ಮರುದಿನ ಪತ್ರಿಕೆ ಬಂತು, ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಔರಾದ ತಾಲೂಕಿನ ಎಕಂಬಾದ ಆಚೆ, ಗಡಿಗೆ ಆತುಕೊಂಡಿರುವ ಖಡಕವಾಡಿ ಎಂಬ ಸಣ್ಣ ಊರಿನಲ್ಲಿ ಭಾಗೀರಥಿಬಾಯಿ ಎಂಬ ತೀರ ವಯಸ್ಸಾದ ಅಜ್ಜಿ ಮತ ಹಾಕಿ, ಕಟ್ಟೆಯ ಮೇಲೆ ಕುರ್ಚಿಯಲ್ಲಿ ಕೂತು, ಶಾಯಿ ಹಚ್ಚಿದ ಬೆರಳು ಎತ್ತಿ ನಕ್ಕಿದ್ದರು.

ರಾಯರ ಕೈಯಲ್ಲಿನ ಚಹಾದ ಕಪ್ಪು ಗಾಳಿಯಲ್ಲೇ ನಿಂತಿತು.

“ಅಲಕಾ, ಇಲ್ಲಿ ನೋಡು. ಏನ್ ಚೆಂದ ಅದ.”

“ಹೌದ್ರಿ. ಈ ವಯಸ್ಸಿನಾಗೂ ಎಷ್ಟು ನಕ್ಕೊಂಡು ಕುಂತಾಳ ಅಜ್ಜಿ.”

“ಅಜ್ಜಿ ಬಿಡು. ಕೆಳಗ ನೋಡು. ಕಾಲು ನೋಡು.”

“ಅಯ್ಯ, ಅಜ್ಜಿ ಕಾಲು ಯಾಕ ನೋಡ್ತೀರಿ?”

“ಖುರ್ಚಿ ಕಾಲು.”

ಕುರ್ಚಿಗೆ ಮೂರು ಕಾಲುಗಳಿದ್ದವು. ಮುಂದೆ ಎರಡು, ಹಿಂದೆ ಒಂದು. ಜಿಂಕೆಯ ಕಾಲಿನಂತೆ ಸಪೂರವಾಗಿ ಇಳಿದು, ತುದಿಯಲ್ಲಿ ಸಣ್ಣ ಹಿತ್ತಾಳೆ ಟೋಪಿ. ಬೆನ್ನು ಬಾಳೆಯ ಸುಳಿಯಂತೆ ಬಾಗಿತ್ತು. ರಾಯರು ಭೂತಗನ್ನಡಿ ತಂದು ನೋಡಿದರು. ಬರಿಗಣ್ಣಿನಿಂದ ನೋಡಿದರು. ಆಮೇಲೆ ಪತ್ರಿಕೆಯ ವರದಿಗಾರನಿಂದ ಅಜ್ಜಿಯ ಮಗ ಗೋರಖನಾಥನ ನಂಬರು ಪಡೆದು ಫೋನು ಹಚ್ಚಿದರು.

“ಹಲೋ, ಗೋರಖನಾಥ ಅವರೇನ್ರಿ? ನಾ ಬೀದರಿಂದ ಭಾಲಚಂದ್ರರಾವ್, ಕಲೆಕ್ಟರ್, ಮಾತಾಡ್ಲತೀನಿ.”

ಆ ಕಡೆ ಏನೋ ಬಿದ್ದ ಸದ್ದಾಯಿತು. ತೊಗರಿ ಹಸನು ಮಾಡುತ್ತಿದ್ದ ಗೋರಖನಾಥ ಎದ್ದು ನಿಂತ ರಭಸಕ್ಕೆ ಮೊರ ಕೈಜಾರಿ ತೊಗರಿಯೆಲ್ಲ ಅಂಗಳದ ಪಾಲಾಗಿತ್ತು. ಅವನು ಗ್ರಾಮ ಪಂಚಾಯತಿಯ ಸದಸ್ಯ, ಎಲ್ಲ ದರ್ಜೆಯ ಅಧಿಕಾರಿಗಳ ಜೊತೆ ಮಾತಾಡಿದವನು. ಆದರೆ ಕಲೆಕ್ಟರ್ ತಾನಾಗಿ ಫೋನು ಮಾಡಿದ್ದು ಅವನ ಊರಿನ ಚರಿತ್ರೆಯಲ್ಲೇ ಇರಲಿಲ್ಲ.

“ಹೇಳ್ರಿ ಸಾಹೇಬ್ರ.”

“ಪೇಪರ್‌ನಾಗ ನಿಮ್ಮ ಅವ್ವಾರ ಫೋಟೋ ನೋಡಿದೆ. ಅವರು ಕುಂತ ಖುರ್ಚಿಗಿ ಮೂರೇ ಕಾಲು ಅದಾವೇನ್ರಿ?”

“ಹೌದ್ರಿ ಸಾಹೇಬ್ರ. ಹಳೇದದ. ಏನರ ತಪ್ಪಾಗ್ಯದೇನ್ರಿ?”

“ನಾಲ್ಕನೇದು ಮೊದಲಿಂದೇ ಇಲ್ಲ?”

“ಇಲ್ರಿ ಸಾಹೇಬ್ರ.”

ರಾಯರು ಸುಖದಿಂದ ಉಸಿರು ಬಿಟ್ಟರು. ಗೋರಖನಾಥನಿಗೆ ಅದು ಸಿಟ್ಟಿನ ಉಸಿರಿನಂತೆ ಕೇಳಿಸಿತು.

“ಐತವಾರ ನಾನೇ ಬಂದು ಕಣ್ಣಾರೆ ನೋಡ್ತೇನಿ. ಅಲ್ಲೀತನ ಅದಕ್ಕ ಕೈ ಹಚ್ಚ—”

ಸಿಗ್ನಲ್ ಹೋಯಿತು. ಗಡಿಯ ಊರು, ಗಾಳಿ ಬೀಸಿದ ಕಡೆಗೆ ನೆಟ್‌ವರ್ಕ್. ರಾಯರು ಆಡಿದ ‘ಬ್ಯಾಡ್ರಿ’ ಎಂಬ ತುಂಡು ಬೀದರಿನಲ್ಲೇ ಉಳಿಯಿತು. ಖಡಕವಾಡಿಗೆ ತಲುಪಿದ್ದು ‘ಕೈ ಹಚ್ಚ’ ಎಂಬಷ್ಟೇ. ಅದನ್ನು ಯಾರು ಕೇಳಿದರೂ ‘ಕೈ ಹಚ್ರಿ’ ಎಂದೇ ತಿಳಿಯುತ್ತಾರೆ, ಗೋರಖನಾಥನ ತಪ್ಪೇನಿಲ್ಲ.

ಅರ್ಧ ಗಂಟೆಯಲ್ಲಿ ಊರಿನ ಅರ್ಧ ಜನ ಗೋರಖನಾಥನ ಅಂಗಳದಲ್ಲಿ ಸೇರಿದರು.

“ಕಲೆಕ್ಟರ್ ಸಾಹೇಬ್ರು ಖುದ್ದ ಬರ್ಲತಾರ” ಎಂದ ಗೋರಖನಾಥ. “ಅವ್ವನ ಖುರ್ಚಿ ಸಲುವಾಗಿ.”

“ಇಷ್ಟು ವಯಸ್ಸಾದಾಕಿನ್ನ ಮುರುಕ ಖುರ್ಚಿಮ್ಯಾಲ ಕುಂಡ್ರಸಿ ಫೋಟೋ ಹೊಡಸಿದ್ರ ಮತ್ತೇನಾಗ್ತದ” ಎಂದರು ಒಬ್ಬ ಹಿರಿಯರು. “ಇಡೀ ಜಿಲ್ಲಾದ ಮುಂದ ಊರಿನ ಮಾನ ಹೋತು.”

ಭಾಗೀರಥಿಬಾಯಿ ಒಳಗಿನಿಂದ ಕೂಗಿದರು. “ಅದು ಮುರದಿಲ್ಲೋ. ಹುಟ್ಟಿದ್ದೇ ಹಂಗ. ನಿಮ್ಮಪ್ಪ ಮುಂಬೈದಾಗ ಇಟಲಿ ಇಂಜಿನಿಯರ್ ಮನ್ಯಾಗ ಅಡಗಿ ಮಾಡ್ತಿದ್ದಾಗ, ಆ ಸಾಹೇಬ ತನ್ನ ದೇಶಕ್ಕ ಹೊಂಟಾಗ ಪ್ರೀತಿಲೆ ಕೊಟ್ಟಿದ್ದು ಅದು.”

“ಅವ್ವ, ಇಂಜಿನಿಯರ್ ಆದವ ಮೂರು ಕಾಲಿನ ಖುರ್ಚಿ ಯಾಕ ಇಟಗೊಳ್ತಾನ? ಮುರದಿದ್ದಕ್ಕೇ ಕೊಟ್ಟು ಹೋಗ್ಯಾನ.”

ಈ ತರ್ಕಕ್ಕೆ ಎಲ್ಲರೂ ತಲೆಯಾಡಿಸಿದರು. ಊರಿನ ಬಡಿಗ ಫಕ್ರೋದ್ದೀನ ಮುಂದೆ ಬಂದು ಕುರ್ಚಿಯನ್ನು ಕುರಿಯಂತೆ ಮಗುಚಿ ನೋಡಿ, “ಫಿಕರ್ ಮಾಡಬ್ಯಾಡ್ರಿ. ಸಾಹೇಬ್ರು ನೋಡಿ ಖುಷ್ ಆಗಬೇಕು, ಹಂಗ ಮಾಡ್ತೇನಿ” ಎಂದು ಹೆಗಲಿಗೇರಿಸಿಕೊಂಡು ಹೋದ.

ಊರಿನಲ್ಲಿ ಇನ್ನೊಂದು ಸಂಗತಿ ಇತ್ತು. ಗೋರಖನಾಥನ ಮನೆಯ ಎದುರೇ ಹೊಸ ಉಪ ಆರೋಗ್ಯ ಕೇಂದ್ರ ಕಟ್ಟಿ ಗುಲಾಬಿ ಬಣ್ಣ ಬಳಿದಾಗಿತ್ತು. ಬಾಗಿಲಿಗೆ ಬೀಗ. ಅದರ ರಿಬ್ಬನ್ ಯಾರು ಕತ್ತರಿಸಬೇಕು ಎಂದು ಇಬ್ಬರು ಮುಖಂಡರಲ್ಲಿ ಹಟ ಬಿದ್ದು, ಉದ್ಘಾಟನೆ ಮುಂದಕ್ಕೆ ಹೋಗುತ್ತ ಹೋಗುತ್ತ ಬಾಗಿಲ ಮುಂದೆ ಹುಲ್ಲು ಬೆಳೆದಿತ್ತು. ನರ್ಸ್ ಪ್ರಣಿತಾ ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿಕೊಂಡು ಸೂಜಿ ಹಾಕುತ್ತಿದ್ದಳು. ಬಸುರಿಯರ ಹೊಟ್ಟೆ ನೋಡಬೇಕಾದರೆ ನಾಲ್ಕು ಹೆಂಗಸರು ಸೀರೆ ಅಡ್ಡ ಹಿಡಿದು ನಿಲ್ಲಬೇಕಾಗುತ್ತಿತ್ತು. ಕಲೆಕ್ಟರ್ ಬಂದಾಗ ಈ ಮಾತು ಕಿವಿಗೆ ಹಾಕಬೇಕೆಂದು ಆಕೆ ಹೇಳಿದಳು. ಮೊದಲು ಕುರ್ಚಿಯ ಗಂಡಾಂತರ ದಾಟಲಿ ಎಂದರು ಹಿರಿಯರು.

ಭಾನುವಾರ ರಾಯರು ಬಸ್ಸು ಹಿಡಿದು ಭಾಲ್ಕಿಗೆ ಹೋದರು. ಅಲಕಾ ಅವರ ತಮ್ಮ ಆಶೀಷ ಅಲ್ಲಿ ಬೊಲೆರೊ ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಕುರ್ಚಿ ಸಿಕ್ಕರೆ ಹಾಕಿಕೊಂಡು ಬರಲು ಗಾಡಿ ಬೇಕಲ್ಲ. ಗಾಡಿ ಬಿಳಿಯದು. ವಾರವೆಲ್ಲ ಅದು ಒಂದು ಇಲಾಖೆಗೆ ದುಡಿಯುತ್ತಿದ್ದುದರಿಂದ ಮುಂದಿನ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ ‘ಸರ್ಕಾರಿ ಸೇವೆಯಲ್ಲಿ’ ಎಂದು ಅಂಟಿಸಿತ್ತು.

“ಇದನ್ನ ತೆಗೀಬಾರದೇನೋ?” ಎಂದು ರಾಯರು ಕೇಳಿದ್ದು ನಿಜ.

“ಗೋಂದು ಹಚ್ಚಿ ಅಂಟಿಸಿದ್ದದ ದಾಜಿ. ಕಿತ್ತಿದ್ರ ಗಾಜಿಗಿ ಕಲೆ ಬೀಳ್ತದ” ಎಂದ ಆಶೀಷ. ಅಕ್ಕನ ಗಂಡನನ್ನು ಅವನು ಕರೆಯುವುದು ದಾಜಿ ಎಂದೇ.

ಠಾಣಾ ಕುಶನೂರು, ಸಂತಪುರ, ಔರಾದ ದಾಟಿ ಬೊಲೆರೊ ಎಕಂಬಾದ ಆಚೆ ತಿರುಗಿತು. ರಾಯರು ಸಫಾರಿ ಸೂಟು ಹಾಕಿದ್ದರು. ತೊಡೆಯ ಮೇಲೆ ಅಳತೆಯ ಟೇಪು, ಭೂತಗನ್ನಡಿ. ಹಳೆಯ ಮರಕ್ಕೆ ಬೆವರು ತಾಗಬಾರದೆಂದು ಕೈಗೆ ಬಿಳಿಯ ಕೈಗವಸು. ಖಡಕವಾಡಿಯ ಅಗಸೆಬಾಗಿಲ ಹತ್ತಿರ ಬರುವಾಗ ಹಲಗೆ ಬಾರಿಸುವ ಸದ್ದು ಕೇಳಿತು. ದಾರಿಗೆ ನೀರು ಹೊಡೆದು ರಂಗೋಲಿ ಹಾಕಿದ್ದರು. ಶಾಲೆಯ ಮಕ್ಕಳು ಎರಡು ಸಾಲಾಗಿ ನಿಂತಿದ್ದರು. ರಾಯರ ಕಣ್ಣು ತುಂಬಿ ಬಂತು. ಒಂದು ಕುರ್ಚಿಗೆ ಇಷ್ಟು ಮರ್ಯಾದೆ ಕೊಡುವ ಊರನ್ನು ಅವರು ಕನಸಿನಲ್ಲೂ ಕಂಡಿರಲಿಲ್ಲ.

ಆಶೀಷನಿಗೆ ತಟ್ಟನೆ ಹೊಳೆಯಿತು. ಅವನು ಹಲಗೆಯ ಸದ್ದಿನಲ್ಲಿ ರಾಯರ ಕಿವಿಗೆ ಬಾಯಿಟ್ಟು ಹೇಳಿದ. “ದಾಜಿ, ಇವರು ಬ್ಯಾರೆ ಕಲೆಕ್ಟರ್ ಅಂತ ತಿಳಕೊಂಡಾರ.”

“ಬ್ಯಾರೆ ಕಲೆಕ್ಟರೂ ಬಂದಾರೇನು?” ರಾಯರು ಸೀಟಿನ ತುದಿಗೆ ಬಂದರು. “ಪುಣೇದವನೇ ಇರಬೇಕು. ಲಗೂನ ನಡಿ, ಅವನಕಿಂತ ಮೊದಲ ನಾ ಮುಟ್ಟಬೇಕು.”

ಗಾಡಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದು ಓಡತೊಡಗಿದರು. ಕಲೆಕ್ಟರ್ ಸಾಹೇಬರು ಹಾರ ಹಾಕಿಸಿಕೊಳ್ಳದೆ ಕೆಲಸಕ್ಕೆ ಓಡುವುದನ್ನು ನೋಡಿ ಖಡಕವಾಡಿ ದಂಗಾಯಿತು.

“ಕೈಗಿ ಚೀಲ ಹಾಕ್ಕೊಂಡೇ ಬಂದಾರ” ಎಂದು ಹಿರಿಯರು ಪಕ್ಕದವರಿಗೆ ಪಿಸುಗುಟ್ಟಿದರು. “ತಪಾಸಣಿ ಕಡಕ್ ಅದ.”

ಗೋರಖನಾಥನ ಕಟ್ಟೆಯ ಮೇಲೆ ಕುರ್ಚಿಗೆ ಹಸಿರು ಶಾಲು ಹೊದಿಸಿ ಇಟ್ಟಿದ್ದರು. ಪಕ್ಕದಲ್ಲಿ ಭಾಗೀರಥಿಬಾಯಿ ನೆಲದ ಮೇಲೆ ಕೂತಿದ್ದರು. ಫಕ್ರೋದ್ದೀನ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈ ಕಟ್ಟಿ ನಿಂತಿದ್ದ. ರಾಯರು ಶಾಲು ಸರಿಸಿದರು.

ಕೆಲವು ಆಘಾತಗಳು ಒಮ್ಮೆಲೇ ಬಡಿಯುತ್ತವೆ, ಅವು ಮನುಷ್ಯನಿಗೆ ಅಷ್ಟು ಕೆಟ್ಟವಲ್ಲ. ಇದು ಕಂತಿನಲ್ಲಿ ಬಂತು. ಮೊದಲು ಕಂಡದ್ದು ಬಣ್ಣ. ಕುರ್ಚಿ ಟ್ರ್ಯಾಕ್ಟರಿನ ಕೆಂಪಾಗಿತ್ತು. ಆಮೇಲೆ ಕಂಡದ್ದು ಕೂಡುವ ಜಾಗ. ಬೆತ್ತದ ಹೆಣಿಗೆ ಹೋಗಿ ಹೂವಿನ ರೆಕ್ಸಿನ್ನು ಬಂದು, ಸುತ್ತಲೂ ಹಿತ್ತಾಳೆ ಮೊಳೆ ಕೂತಿದ್ದವು. ಕಾಲಿನ ಟೋಪಿಗಳು ಅಲ್ಲಿಗೆ ಹೋಗಿರಬೇಕು ಎನ್ನುವಷ್ಟರಲ್ಲಿ ಕಾಲು ಕಂಡವು. ಹಿಂದಿದ್ದ ಒಂಟಿ ಕಾಲು ಇರಲಿಲ್ಲ. ಅದರ ಜಾಗದಲ್ಲಿ ಮಂಚಕ್ಕೆ ಹಾಕುವಂಥ ಎರಡು ದಪ್ಪ ಕಾಲುಗಳು, ಸಿಪಾಯಿಗಳಂತೆ ನೆಟ್ಟಗೆ.

“ಸಾಗವಾನಿ ಹಾಕೀನ್ರಿ ಸಾಹೇಬ್ರ” ಎಂದ ಫಕ್ರೋದ್ದೀನ. “ಕ್ವಿಂಟಾಲ್ ಇಟ್ರೂ ಅಲುಗಂಗಿಲ್ಲ. ಹಳೇ ಕಾಲಿಗಿ ಏನೂ ಕಸುವಿರಲಿಲ್ಲ.”

ರಾಯರು ಕೊನೆಯ ಆಸೆಯಿಂದ ಕುರ್ಚಿಯನ್ನು ಮಗುಚಿ ಹೊಟ್ಟೆಯ ಕೆಳಗೆ ಭೂತಗನ್ನಡಿ ಹಿಡಿದರು. ಮಾಡಿದವರ ಮುದ್ರೆ ಇರುವುದು ಅಲ್ಲಿಯೇ.

“ಅಲ್ಲೇನೋ ಅಂಗ್ರೇಜಿದಾಗ ಗೀಚಿದ್ರು ಸಾಹೇಬ್ರ” ಎಂದ ಫಕ್ರೋದ್ದೀನ. “ಉಳೀಲೆ ಕೆತ್ತಿ ಸಾಫ್ ಮಾಡೀನಿ.”

ರಾಯರು ಎದ್ದು ನಿಂತರು. ಕೈಗವಸಿನ ಬಿಳಿಯ ಬೆರಳು ಆ ಹಿಂದಿನ ಕಾಲುಗಳ ಕಡೆ ಚಾಚಿತು. ಆದರೆ ಕೈ ಎಷ್ಟು ನಡುಗುತ್ತಿತ್ತೆಂದರೆ ಬೆರಳು ಕುರ್ಚಿಯನ್ನು ದಾಟಿ, ಅಂಗಳ ದಾಟಿ, ಎದುರಿನ ಗುಲಾಬಿ ಕಟ್ಟಡದ ಬಾಗಿಲನ್ನು ತೋರಿಸುತ್ತಿತ್ತು.

“ತೆಗೀರಿ” ಎಂದರು. “ಈಗಿಂದೀಗ ತೆಗೀರಿ ಅದನ್ನ. ಯಾರು ಹಾಕ್ಯಾರ ಅದನ್ನ ಅಲ್ಲಿ?”

ಊರು ಬೆರಳಿನ ದಿಕ್ಕು ನೋಡಿತು. ಬೀಗ ನೋಡಿತು.

“ಖುರ್ಚಿ ಬರೇ ನೆಪ” ಎಂದರು ಹಿರಿಯರು, ಮೆಲ್ಲಗೆ. “ಸಾಹೇಬ್ರಿಗಿ ಎಲ್ಲಾ ಗೊತ್ತದ.”

ಗೋರಖನಾಥ ಕೈ ಮುಗಿದ. “ಕೀಲಿ ಇಲ್ರಿ ಸಾಹೇಬ್ರ. ಕೀಲಿ ಇದ್ದವರು ಲಗ್ನಕ್ಕಂತ ಉದಗೀರಕ್ಕ ಹೋಗ್ಯಾರ.”

ಕುರ್ಚಿಯ ಕೀಲು ಉದಗೀರಕ್ಕೆ ಯಾಕೆ ಹೋಯಿತು ಎಂದು ವಿಚಾರಿಸುವ ಸ್ಥಿತಿಯಲ್ಲಿ ರಾಯರಿರಲಿಲ್ಲ. “ಇಲ್ಲಂದ್ರ ಸುತ್ತಿಗಿ ತೊಗೊಂಡು ಬಡೀರಿ. ಇಷ್ಟು ದಿನ ಸುಮ್ಮ ಹ್ಯಾಂಗ ಇದ್ರಿ ನೀವೆಲ್ಲಾ?”

ಆ ಮಾತಿನಲ್ಲಿ ಎಂಥ ದುಃಖವಿತ್ತೆಂದರೆ ಖಡಕವಾಡಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಫಕ್ರೋದ್ದೀನ ಸುತ್ತಿಗೆ ಎತ್ತಿಕೊಂಡ. ಅವನು ರಾಯರ ಎದುರಿಗೆ ಬರುವ ಬದಲು ಬೆನ್ನು ತಿರುಗಿಸಿ ನಡೆದ. ಹಲಗೆಯವರು ಅವನ ಹಿಂದೆ, ಊರು ಹಲಗೆಯವರ ಹಿಂದೆ. ಒಂದೇ ಏಟು ಕೇಳಿಸಿತು, ಆಮೇಲೆ ಒಂದು ದೊಡ್ಡ ಕೂಗು. ಪ್ರಣಿತಾ ಟೇಬಲ್ಲನ್ನು ಎತ್ತಿಕೊಂಡು ಓಡುತ್ತಿದ್ದಳು.

ಕಟ್ಟೆಯ ಮೇಲೆ ಉಳಿದವರು ರಾಯರು, ಕೆಂಪು ಕುರ್ಚಿ, ಭಾಗೀರಥಿಬಾಯಿ.

“ಇವರೆಲ್ಲಾ ಎಲ್ಲಿಗಿ ಹೋದ್ರು?” ಎಂದು ರಾಯರು ಕೇಳಿದರು. “ಖುರ್ಚಿ ಇಲ್ಲೇ ಅದಲ್ಲ.”

ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀವು ಖರೇನೇ ಖುರ್ಚಿ ನೋಡ್ಲಿಕ್ಕ ಬಂದೀರೇನ್ರಿ?”

“ಮತ್ತ್ಯಾಕ ಬರ್ಲಿ ಅವ್ವಾ? ಇಟಲಿ ಖುರ್ಚಿ ಕೂಡಿಸೂದು ನನ್ನ ಹವ್ಯಾಸ. ಕಲೆಕ್ಟರ್ ಅಂತಾರ ನಮ್ಮಂಥವ್ರಿಗಿ.”

“ಸರಕಾರದವ್ರು ಅಲ್ಲ?”

“ಅಲ್ಲ. ಕಾಲೇಜಿನ ಲೈಬ್ರರಿದಾಗ ಇರ್ತೇನಿ.”

ಭಾಗೀರಥಿಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ಮೊದಲು ರಾಯರು ಆಕೆ ಅಳುತ್ತಿದ್ದಾರೆಂದು ತಿಳಿದರು. ಆಕೆಯ ಹೆಗಲು ಕುಣಿಯುವುದು ನಿಂತ ಮೇಲೆ ಎದುರಿನ ಕಟ್ಟಡದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. ಈಗ ‘ರಿ’ ಬಿಟ್ಟಿದ್ದರು.

“ಈ ಮಾತು ನನಗ ಹೇಳಿದಿ, ಸಾಕು. ಇನ್ನ್ಯಾರಿಗೂ ಹೇಳಬ್ಯಾಡ. ಜರಾ ಸುಮ್ಮ ಕುಂಡ್ರು ತಮ್ಮಾ. ಪ್ರಣಿತಾ ತನ್ನ ಸಾಮಾನು ಒಳಗ ಜೋಡಿಸಿಗೊಳ್ಳಲಿ.”

ರಾಯರು ಎದುರು ನೋಡಿದರು. ತೆರೆದ ಬಾಗಿಲು, ಮುರಿದ ಬೀಗ, ಸುತ್ತಿಗೆ ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದ ಫಕ್ರೋದ್ದೀನ. ತಾವು ಏನು ಮಾಡಿಸಿದೆವು ಎಂಬುದು ಮೆಲ್ಲಮೆಲ್ಲಗೆ ಅವರ ತಲೆಗೆ ಇಳಿಯಿತು. ಇಳಿದಂತೆ ಮುಖದ ಬಣ್ಣವೂ ಇಳಿಯಿತು.

ಆಗಲೇ ಮೋಟರ್ ಸೈಕಲ್ಲಿನ ಸದ್ದಾಯಿತು. ಕಲೆಕ್ಟರ್ ಬಂದ ಸುದ್ದಿ ಕೇಳಿ ಕಂದಾಯ ನಿರೀಕ್ಷಕ ಅಖೀಲ ಸಾಹೇಬರು ಊಟ ಬಿಟ್ಟು ಬಂದಿದ್ದರು. ಕೈಯಲ್ಲಿ ಇನ್ನೂ ಅನ್ನದ ಅಗುಳಿತ್ತು. ಅವರು ಜಿಲ್ಲಾಧಿಕಾರಿಗಳನ್ನು ಸಭೆಗಳಲ್ಲಿ ನೋಡಿದವರು. ಕಟ್ಟೆಯ ಮೇಲಿದ್ದವರನ್ನು ನೋಡಿದರು. ಸುತ್ತ ಹುಡುಕಿದರು, ಎದುರಿನ ಬಾಗಿಲಲ್ಲಿ ಮುರಿದ ಬೀಗ ಕಂಡರು. ಮತ್ತೆ ಕಟ್ಟೆ ನೋಡಿದರು.

“ಸಾಹೇಬ್ರು ಎಲ್ಲಿ ಅದಾರ?”

“ಇವರೇ ಅಲ್ರಿ” ಎಂದ ಗೋರಖನಾಥ.

ಹಲಗೆ ನಿಂತಿತು. ಆಶೀಷ ಬೊಲೆರೊದ ಬಾಗಿಲು ಸದ್ದಾಗದಂತೆ ತೆಗೆದ. ಅಖೀಲರು ರಾಯರ ಹತ್ತಿರ ಬಂದರು.

“ಯಾರ್ರಿ ನೀವು? ಅಧಿಕಾರಿ ಅಂತ ಹೇಳಿ ಸರಕಾರಿ ಬೀಗ ಒಡಸೀರಿ. ಇದೇನು ಸಣ್ಣ ಗುನ್ಹೆ ಅಂತ ತಿಳದೀರೇನು? ನೌಕರಿ ಹೋಗ್ತದ, ಜೇಲ್ ಆಗ್ತದ.”

ರಾಯರು ಕೈಗೆ ಸಿಕ್ಕ ಕೆಂಪು ಕುರ್ಚಿಯ ಮೇಲೆ ಕುಸಿದರು. ಕುರ್ಚಿ ಅಲುಗಲಿಲ್ಲ. ಈ ಮಾತನ್ನು ಫಕ್ರೋದ್ದೀನ ಇಂದಿಗೂ ಗಿರಾಕಿಗಳಿಗೆ ಹೇಳುತ್ತಾನೆ.

“ನಾ ಖುರ್ಚಿ ಕಲೆಕ್ಟರ್ ಇದ್ದೇನ್ರಿ” ಎಂದರು ರಾಯರು, ಅಳುವ ದನಿಯಲ್ಲಿ. “ಬರೇ ಖುರ್ಚಿ.”

ಅಖೀಲರು ಗೋರಖನಾಥನ ಕಡೆ ತಿರುಗಿದರು. “ಬೀಗ ಒಡೀರಿ ಅಂತ ಇವರು ಹೇಳಿದ್ರೇನು?”

“ತೆಗೀರಿ ಅಂದ್ರು.”

“ಏನು ತೆಗೀರಿ ಅಂದ್ರು?”

ಗೋರಖನಾಥ ಯೋಚಿಸಿದ. ಅದು ಅವನಿಗೂ ಗೊತ್ತಿರಲಿಲ್ಲ. ಎಲ್ಲರೂ ರಾಯರನ್ನು ನೋಡಿದರು.

“ಕಾಲು” ಎಂದರು ರಾಯರು. “ಹಿಂದಿನ ಎರಡು ಕಾಲು.”

ಊರಿಗೆ ಊರೇ ಕುರ್ಚಿಯ ಕಾಲು ನೋಡಿತು. ಫಕ್ರೋದ್ದೀನನ ಮುಖ ಕಪ್ಪಿಟ್ಟಿತು. “ಸಾಗವಾನಿ ಅದರಿ” ಎಂದ, ನೊಂದುಕೊಂಡು.

ಅಖೀಲರು ಬೆವರು ಒರೆಸಿಕೊಂಡು, ಬೇರೆ ಬೀಗ ತರಿಸಿ ಬಾಗಿಲು ಹಾಕಬೇಕೆಂದು ಹೇಳಿದರು. ಯಾರೂ ಅಲುಗಲಿಲ್ಲ. ಆಗ ಪ್ರಣಿತಾ ಹೊಸ ಬಾಗಿಲಿನ ಹೊಸಿಲ ಮೇಲೆ ಬಂದು ನಿಂತಳು.

“ಒಳಗ ಬಸಿರ ಹೆಂಗಸು ಮಲಗ್ಯಾಳ್ರಿ ಸರ್. ತಪಾಸಣಿ ನಡದದ. ಸೀರಿ ಅಡ್ಡ ಹಿಡೀಲಾರದೆ ಆಕಿನ್ನ ನೋಡ್ಲತೀನಿ, ಇದೇ ಮೊದಲ ಸಲ. ಆಕಿನ್ನ ಎಬ್ಬಿಸಿ ಹೊರಗ ಕಳಸೂದಿದ್ರ ನೀವೇ ಒಳಗ ಬಂದು ಎಬ್ಬಿಸ್ರಿ. ನಾ ಎಬ್ಬಿಸಂಗಿಲ್ಲ.”

ಒಳಗೆ ಹೋಗುವ ಧೈರ್ಯ ಅಖೀಲರಿಗಿರಲಿಲ್ಲ. ಅವರು ದೂರ ಹೋಗಿ, ಗಾಳಿ ಬರುವ ದಿಕ್ಕು ನೋಡಿ ನಿಂತು, ಮೇಲಿನವರಿಗೆ ಫೋನು ಮಾಡಿದರು. ಮೇಲಿನವರ ಮೊದಲ ಪ್ರಶ್ನೆ ಬೀಗದ್ದಲ್ಲ.

“ಉದ್ಘಾಟನೆ ಯಾರು ಮಾಡಿದ್ರು? ಆ ಕಡೆಯವ್ರೋ, ಈ ಕಡೆಯವ್ರೋ?”

“ಇಬ್ಬರೂ ಅಲ್ರಿ ಸರ್. ಒಬ್ಬ ಬಡಿಗ.”

ಸಿಗ್ನಲ್ ಹೋಯಿತೇನೋ ಎಂದು ಅಖೀಲರು ಫೋನನ್ನು ಕೊಡವಿದರು. ಆಮೇಲೆ ನೆಮ್ಮದಿಯ ಒಂದು ದೊಡ್ಡ ಉಸಿರು ಕೇಳಿಸಿತು.

“ಹಂಗಾದ್ರ ಇಬ್ಬರಿಗೂ ಸಿಟ್ಟು ಬರೂ ಕಾರಣಿಲ್ಲ. ಬಿಡ್ರಿ ಅದನ್ನ. ಬೀಗಕ್ಕ ತುಕ್ಕು ಹಿಡದಿರಬೇಕು.”

ಅಖೀಲರು ಕಟ್ಟೆಗೆ ಮರಳಿದಾಗ ಬೇರೆ ಮನುಷ್ಯರಾಗಿದ್ದರು. “ಬೀಗಕ್ಕ ತುಕ್ಕು ಹಿಡದಿತ್ತು, ತಾನೇ ಬಿದ್ದದ” ಎಂದು ಊರಿಗೆ ಹೇಳಿದರು. ರಾಯರಿಗೆ ಬಗ್ಗಿ ಹೇಳಿದರು. “ನೀವು ಇಲ್ಲಿಗಿ ಬಂದಿಲ್ಲ. ನಾ ನಿಮ್ಮನ್ನ ನೋಡಿಲ್ಲ. ಇನ್ನೊಮ್ಮೆ ಆ ಶಬ್ದ ಬಾಯಾಗ ಬಂದ್ರ ಮಾತ್ರ ನಾ ನೋಡೀನಿ. ತಿಳೀತೇನ್ರಿ?”

ತಿಳಿಯಿತು ಎಂದು ರಾಯರು ತಲೆಯಾಡಿಸಿದರು. ಆದರೂ ಹುಚ್ಚು ಹುಚ್ಚೇ. ಹೊರಡುವ ಮೊದಲು ಭಾಗೀರಥಿಬಾಯಿಯ ಮುಂದೆ ಕೂತು, ಬಣ್ಣ ಕೆರೆದು ತೆಗೆಯುತ್ತೇನೆ, ಹಳೆಯ ಕಾಲು ಹುಡುಕಿ ಹಚ್ಚುತ್ತೇನೆ, ಕುರ್ಚಿ ತಮಗೆ ಕೊಡಬೇಕು ಎಂದು ಕೇಳಿದರು.

“ಕೊಡಂಗಿಲ್ಲ ತಮ್ಮಾ” ಎಂದರು ಆಕೆ. “ಮೂರು ಕಾಲು ಇದ್ದಾಗ ನನ್ನ ಗಂಡನ ನೆನಪಿಗಿ ಅದರಮ್ಯಾಲ ಕುಂಡ್ರತಿದ್ದೆ. ಒಂದು ದಿನಾನೂ ಧೈರ್ಯಲೆ ಕುಂತಿಲ್ಲ. ಒಂದು ಕೈ ಗ್ವಾಡಿಗಿ ಹಚ್ಚೇ ಇರ್ತಿದ್ದೆ. ಈಗ ನಾಲ್ಕಾಗ್ಯಾವ. ಪ್ರಣಿತಾಗ ಕೊಡ್ತೇನಿ. ಬಸಿರ ಹೆಂಗಸರು ಕುಂಡ್ರಲಿ.”

ರೊಟ್ಟಿ ಊಟ ಮಾಡಿಸಿಯೇ ಕಳಿಸಿದರು. ಹಾಕದೆ ಉಳಿದಿದ್ದ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಬೊಲೆರೊದ ಮೂತಿಗೆ ಕಟ್ಟಿದರು.

ಬೊಲೆರೊ ಔರಾದ ದಾಟಿತು. ಸಂತಪುರದಲ್ಲಿ ಚಹಾ ಕುಡಿದರು. ಅಲ್ಲಿಂದ ಕುಶನೂರಿನ ಕಡೆ ತಿರುಗಿ ಸ್ವಲ್ಪ ದೂರ ಬಂದಾಗ, ಒಂದು ಸಣ್ಣ ವಾಡಿಗೆ ದಾರಿ ಕವಲೊಡೆಯುವ ಫಾಟಾದಲ್ಲಿ ಹತ್ತಿಪ್ಪತ್ತು ಜನ ರಸ್ತೆಗೆ ಅಡ್ಡ ನಿಂತು ಕೈ ಮಾಡಿದರು. ಆಶೀಷ ಗಾಡಿ ನಿಲ್ಲಿಸಬೇಕಾಯಿತು. ಬಿಳಿಯ ಟೋಪಿಯ ಒಬ್ಬರು ಕಿಟಕಿಯ ಹತ್ತಿರ ಬಂದರು.

“ಜರಾ ಇಳೀರಿ ಸಾಹೇಬ್ರ. ನಮ್ಮ ಊರಾಗೂ ಒಂದು ಖುರ್ಚಿ ಅದ.”

“ನಾ ಕಲೆಕ್—” ಎಂದು ಶುರು ಮಾಡಿ ರಾಯರು ನಾಲಿಗೆ ಕಚ್ಚಿಕೊಂಡರು. “ನಾ ಸಾಹೇಬ ಅಲ್ರಿ. ಅಧಿಕಾರಿ ಅಲ್ಲ. ಲೈಬ್ರರಿಯವ ಇದ್ದೇನಿ.”

“ಗೊತ್ತದರಿ. ಖಡಕವಾಡಿಯವ್ರು ಫೋನ್ ಮಾಡಿ ಎಲ್ಲಾ ಹೇಳ್ಯಾರ. ಅಧಿಕಾರಿ ಇದ್ದವ್ರು ಎಷ್ಟೋ ಮಂದಿ ಬಂದು ಹೋದ್ರು, ಅದಕ್ಕೇ ನಿಮ್ಮನ್ನ ನಿಲ್ಲಸೀವಿ. ಖುರ್ಚಿ ಒಮ್ಮೆ ನೋಡ್ರಿ. ಎರಡೇ ಕಾಲಿಂದದ.”

ಎರಡು ಕಾಲು. ಎರಡೇ ಕಾಲಿನ ಮೇಲೆ ತೂಗುವ ಕುರ್ಚಿಗಳನ್ನು ರಾಯರು ಪತ್ರಿಕೆಯ ಚಿತ್ರದಲ್ಲಷ್ಟೇ ನೋಡಿದ್ದರು. ಆಶೀಷ ತೋಳು ಹಿಡಿದು ಜಗ್ಗಿದರೂ ಬಿಡಿಸಿಕೊಂಡು ಇಳಿದರು. ಜನ ದಾರಿ ಬಿಟ್ಟರು. ಹಿಂದೆ ಬೀಗ ಹಾಕಿದ ಒಂದು ಹಳದಿ ಕಟ್ಟಡ, ಅದರ ಮುಂದೆ ಕಟ್ಟಿದ ಒಂದು ಕುಂಟುವ ಎಮ್ಮೆ, ಎಮ್ಮೆಯ ಪಕ್ಕದ ಗೋಡೆಗೆ ಆನಿಸಿ ಇಟ್ಟ ಕುರ್ಚಿ. ಶಾಲೆಯಲ್ಲಿ ಮಾಸ್ತರರು ಕೂಡುವಂಥ ಕುರ್ಚಿ. ಹಿಂದೆ ಎರಡು ಕಾಲು, ಮುಂದೆ ಎರಡು ಮೋಟು. ಮೋಟಿನ ತುದಿಯಲ್ಲಿ ಮರ ಇನ್ನೂ ಬೆಳ್ಳಗಿತ್ತು, ಚಕ್ಕೆಗಳು ಕೆಳಗೇ ಬಿದ್ದಿದ್ದವು.

ರಾಯರು ಚಕ್ಕೆ ಎತ್ತಿ ನೋಡಿದರು. “ಇದನ್ನ ಯಾರು ಮುರದ್ರು?”

“ನಾವೇ ರಿ” ಎಂದರು ಟೋಪಿಯವರು, ವಿನಯದಿಂದ. “ಖಡಕವಾಡ್ಯಾಗ ಖುರ್ಚಿಗಿ ಒಂದು ಕಾಲು ಕಡಿಮಿ ಇದ್ದದ್ದಕ್ಕ ಮಂದಿ ದವಾಖಾನಿ ತೆಗಸಿದ್ರಂತ. ನಮ್ಮದು ದನದ ದವಾಖಾನಿರಿ, ಅದಕ್ಕಿಂತ ಭಾಳ ದಿವಸದ ಬೀಗ. ಒಂದರ ಮ್ಯಾಲ ಆಗಂಗಿಲ್ಲಂತ ಎರಡು ಮುರದೀವಿ.”